ತೊಂಬತ್ತೊಂಬತ್ತು ಅಂದರೆ ಗೊತ್ತಿಲ್ಲ

ಮಳವಳ್ಳಿ ದಾಟಿ ಆರು ಮೈಲಿ, ಹೊನ್ನಗಳ್ಳಿಯ ಹಾಲಿನ ಡೈರಿ.
ಬೆಳಗಿನ ಆರಕ್ಕೇ ನನ್ನ ಸ್ಕ್ರೂಡ್ರೈವರು,
ಅವರ ಕ್ಯಾನುಗಳು, ಒಂದೇ ಸಾಲಿನಲ್ಲಿ.
ಟೂಜಿ ಮುಚ್ಚುತ್ತಾರಂತೆ; ಹಳೆಯ ಮೋಡೆಮ್ ಕಿತ್ತು
ಹೊಸದು ಕೂರಿಸಬೇಕು.
ಹಳೆಯದರೊಳಗೆ ಜೇಡನ ಬಲೆ, ಒಂದಿಷ್ಟು ಬೂಸಾ ಪುಡಿ,
ಹನ್ನೊಂದು ವರ್ಷದ ಹಾಲಿನ ಕಮಟು.

ಲ್ಯಾಪ್‌ಟಾಪನ್ನು ಹಿಂಡಿ ಮೂಟೆಯ ಮೇಲಿಟ್ಟು ಕೇಳಿದೆ:
ಸಿಗ್ನಲ್ ಎಷ್ಟು?
ತೊಂಬತ್ತೊಂಬತ್ತು, ಅಂತು.
'ನೂರಕ್ಕೆ ಒಂದೇ ಕಮ್ಮಿ ಕಣವ್ವೋ!'
ಚೊಂಬು ಹಿಡಿದ ಹುಡುಗ ಕುಣಿದ.
ಇಲ್ಲ ಮರಿ, ಇದರ ಲೆಕ್ಕ ಮೂವತ್ತೊಂದಕ್ಕೇ ಮುಗಿಯುತ್ತೆ,
ತೊಂಬತ್ತೊಂಬತ್ತು ಅಂದರೆ ಗೊತ್ತಿಲ್ಲ ಅಂತ.
'ಗೊತ್ತಿಲ್ಲ ಅನ್ನಾಕೆ ಅಷ್ಟು ದೊಡ್ಡ ನಂಬರಾ?'
ಸೆಕ್ರೆಟರಿ ನಂಜಮಣಿ ಲ್ಯಾಕ್ಟೋಮೀಟರ್ ಒರೆಸುತ್ತ ನಕ್ಕಳು,
'ನಮ್ಮ ಸೂಪರ್‌ವೈಸರೂ ಹಂಗೇಯ.'

ಆಂಟೆನಾದ ತಿರುಪು ಸಡಿಲ. ಬಿಗಿದೆ. ಹದಿನಾಲ್ಕು.
ಸಾಕು, ಹದಿನಾಲ್ಕರಲ್ಲಿ ಗೆಜ್ಜಲಗೆರೆಗೆ ಲೆಕ್ಕ ಮುಟ್ಟುತ್ತದೆ.

ಇನ್ನು ಎರಡನೇ ಪ್ರಶ್ನೆ: ಒಳಗೆ ಸೇರಿಸಿಕೊಂಡರಾ?
ಸೊನ್ನೆ, ಎರಡು.
ಸೊನ್ನೆ ಬರೀ ಉಪಚಾರ, ಕಾಮಾದ ಆಚೆಗಿರೋದನ್ನ ಓದಬೇಕು.
ಎರಡು ಅಂದರೆ ಹುಡುಕ್ತಾ ಇದೆ.
ಹುಡುಕಿತು. ಬಿಸಿಲು ಹೊಸಿಲಿಂದ ತಕ್ಕಡಿಗೆ ಬಂತು.
ಸೊನ್ನೆ, ಮೂರು.
ಸೊನ್ನೆ, ಮೂರು.
ಕೈಪಿಡಿಯಲ್ಲಿ ಮೂರಕ್ಕೆ ಒಂದೇ ಪದ: ನಿರಾಕರಣೆ.
ಟವರು ಇದಕ್ಕೆ ಕಾಣುತ್ತೆ, ಟವರಿಗೂ ಇದು ಕಾಣುತ್ತೆ,
ಜಗಲಿಯಲ್ಲೇ ಹೆಸರು ಕೇಳಿ ಬಾಗಿಲು ಹಾಕಿಕೊಂಡ ಹಾಗೆ.

ಕಂಪನಿಗೆ ಫೋನು ಮಾಡಿ ಸಿಮ್ಮಿನ ಹಿಂದಿನ ನಂಬರು ಓದಿದೆ.
ಹೊಂಬಾಳೇಗೌಡ ಅಂತಿದೆ ಸಾರ್, ಅಂದಳು ಆ ಕಡೆಯ ಹುಡುಗಿ,
ಹೆಬ್ಬೆಟ್ಟು ಒತ್ತಿ ಹೊಸ ಸಿಮ್ ತಗೋಬೇಕು, ಖುದ್ದು ಬರಬೇಕು.
ನಾನು ಗಟ್ಟಿಯಾಗಿಯೇ ಕೂಗಿದೆ:
ಹೊಂಬಾಳೇಗೌಡರು ಯಾರ್ರೀ, ಇದಾರಾ?

ಕ್ಯಾನಿನ ಮುಚ್ಚಳಗಳ ಸದ್ದು ನಿಂತಿತು.
'ಹಳೇ ಸೆಕ್ರೆಟರಿ,' ನಂಜಮಣಿಯ ದನಿ ಕೆಳಗಿಳಿಯಿತು,
'ಹೋಗಿ ಎರಡು ಯುಗಾದಿ ಆಯ್ತು.'
ಅಂದರೆ ಇಷ್ಟು ದಿನ, ದಿನಕ್ಕೆರಡು ಹೊತ್ತು,
ಆತನ ಹೆಸರಲ್ಲೇ ಹಾಲು ಕೂಗಿ ಹೇಳುತ್ತಿತ್ತು.
ಹಳೇ ಪೆಟ್ಟಿಗೆಯನ್ನು ಯಾರೂ ಏನೂ ಕೇಳಿರಲಿಲ್ಲ.

ಸಾಲಿನಲ್ಲಿ ನಾಲ್ಕನೆಯವಳು, ನಲವತ್ತೊಂದನೇ ನಂಬರಿನ ಸಾಕವ್ವ,
ಕ್ಯಾನು ಕೆಳಗಿಟ್ಟಳು.
'ನಮ್ಮೆಜಮಾನ್ರು. ಅದ್ಕೂ ಗೊತ್ತಾಗೋಯ್ತಾ?'

ನಾನು ಸುಮ್ಮನೆ ಕೇಬಲ್ ಸುತ್ತಿದೆ. ಬಿಚ್ಚಿದೆ.
ನನ್ನ ಫೋನಿನ ಸಿಮ್ ತೆಗೆದು ಹಾಕಿದೆ.
ಸೊನ್ನೆ, ಒಂದು. ಸ್ವಂತ ಮನೆ.
ದೀಪ ನಿಧಾನಕ್ಕೆ ಮಿನುಗಿತು, ಸಾಲು ಸರಿಯಿತು.
ನಲವತ್ತೊಂದು: ಮೂರೂವರೆ ಲೀಟರು, ಫ್ಯಾಟು ನಾಲ್ಕು ಪಾಯಿಂಟ್ ಒಂದು,
ಹೋಯಿತು.
ಚೀಟಿ ಹರಿದು ಕೊಟ್ಟರೆ ಸಾಕವ್ವ ಚೀಟಿ ನೋಡಲಿಲ್ಲ,
ಮೂಟೆಯ ಮೇಲಿನ ಉಗುರಗಲದ ಚಿಪ್ಪನ್ನು ತೋರಿಸಿ
'ಇದ್ನ ಏನ್ ಮಾಡೀರಿ?' ಅಂದಳು.
ಕತ್ತರಿಸಿ ಫೋಟೋ ಕಳಿಸಬೇಕು, ಅದು ರೂಲ್ಸು.
ಕತ್ತರಿ ತಂದಿಲ್ಲ ಕಣವ್ವ, ನೀವೇ ಇಟ್ಕಳಿ, ಅಂದೆ.

ವಾಪಸು ಬಸ್ಸಿನಲ್ಲಿ, ಸಿಮ್ಮಿಲ್ಲದ ಫೋನು ಹುಡುಕಿ
ಬ್ಯಾಗಿನ ಮೇಲುಜೇಬಿಗೆ ಕೈ ಹಾಕಿದರೆ
ಬೆರಳಿಗೆ ಚುಚ್ಚಿತು, ಕತ್ತರಿ.