ಮೂವತ್ತೆಂಟನೆಯ ಮೆಟ್ಟಿಲು

ಭಾಂಡುಪ್ ಸ್ಟೇಷನ್ನಿನ ಹಳೇ ಸೇತುವೆಗೆ
ಐವತ್ತೆರಡು ಮೆಟ್ಟಿಲು. ಎಣಿಸಿದ್ದು ನಾನೊಬ್ಬನೇ ಅಲ್ಲ,
ಡಾಕ್ಟರ್ ಗವಾಣಕರರ ರೋಗಿಗಳೆಲ್ಲ ಸೇರಿ.
ಮೊದಲ ಭೇಟಿಗೇ ಅವರು ಕೇಳುವುದು ಅದನ್ನೇ:
ಎಷ್ಟನೇ ಮೆಟ್ಟಿಲಲ್ಲಿ ನಿಂತಿರಿ?
ಸ್ಟೆತಸ್ಕೋಪು ಆಮೇಲೆ.

ನೆಲಮಹಡಿಯಲ್ಲಿ ಎರಡು ಕೋಣೆ. ಹತ್ತು ಕುರ್ಚಿ,
ಹದಿನೇಳು ಜನ. ಗೋಡೆಯ ಮೇಲೆ ಸೀಳಿದ ಹೃದಯದ ಚಿತ್ರ,
ಅದರ ಕೆಳಗೆ: ಚಪ್ಪಲಿ ಹೊರಗೆ.
ಟೋಕನ್ ಕೊಡುವ ಸುಲಭಾತಾಯಿ ನಂಬರು ಕೂಗಿದರೆ
ಉಳಿದಿರುವ ಅರ್ಧ ಜೀವವೂ ಹಾರಬೇಕು.

ಇಲ್ಲಿ ಪರಿಚಯ ಹೆಸರಿನಿಂದಲ್ಲ.
ನಿಮ್ಮದೆಷ್ಟು?
ಇಪ್ಪತ್ತಾರು. ದೀಪಾವಳಿಗೆ ಮುಂಚೆ ಹತ್ತೊಂಬತ್ತು.
ಫರಸಾಣದಂಗಡಿಯ ಧನಸುಖಭಾಯಿ ಮೂವತ್ತು ಅನ್ನುತ್ತಾರೆ,
ಹಿಂದಿನಿಂದ ಹೆಂಡತಿ ಎರಡು ಬೆರಳೆತ್ತಿ
ಇಪ್ಪತ್ತೆಂದು ತಿದ್ದುತ್ತಾರೆ.
ಮೀನು ಮಾರುವ ಹೀರಾಬಾಯಿ ಕೋಳಿ
(ಆ ಅಡ್ಡಹೆಸರಿಗೆ ಮೊದಲ ಸಲ ನಕ್ಕುಬಿಟ್ಟಿದ್ದೆ,
ಕಾರಣ ಹೇಳಿದ ಮೇಲೆ ಆಕೆಯೂ ನಕ್ಕು ಕೆಮ್ಮಿದ್ದಳು)
ಬುಟ್ಟಿ ಹೊತ್ತರೆ ನಲವತ್ತು ಏರುತ್ತಾಳೆ,
ಕೆಳಗಿಳಿಸಿದರೇ ಎದೆ ಹಿಡಿಯುತ್ತದಂತೆ.
ಇದಕ್ಕೆ ಡಾಕ್ಟರ ಬಳಿಯೂ ಉತ್ತರವಿಲ್ಲ.

ಟೈಲರ್ ಇದ್ರೀಸ್ ಮಿಯಾ ಹನ್ನೊಂದರಲ್ಲಿದ್ದರು.
ಆಷಾಢದಿಂದೀಚೆ ಹನ್ನೊಂದು ಎಂದು ಯಾರೂ ಹೇಳಿಲ್ಲ.
ಅವರು ಹೊಲಿದ ಪರದೆ ಒಳಬಾಗಿಲಿಗೆ ಇನ್ನೂ ಇದೆ,
ಅಂಚು ಒಂದೆಳೆಯೂ ಬಿಚ್ಚಿಲ್ಲ.

ಮೂವತ್ತನಾಲ್ಕು ವರ್ಷ ದೋಸೆಕಾವಲಿಯ ಮುಂದೆ ನಿಂತವನು ನಾನು.
ಬೆಂಕಿ ಎದುರಿಗೇ ಇರುವಾಗ
ಎದೆಯುರಿಯ ಲೆಕ್ಕ ಯಾರಿಡುತ್ತಾರೆ?
ಮೊದಲ ದಿನ ಎದೆ ಮುಟ್ಟಿ ತೋರಿಸಿ, ಸಂಕಟ, ಎಂದೆ.
ಮಿಕ್ಕದ್ದೆಲ್ಲ ಹರಕು ಮರಾಠಿ.
ಅವರು ಪೆನ್ನು ಕೆಳಗಿಟ್ಟರು.
ಏನು ಸಂಕಟ? ಸಾಲವೆ? ಮಗಳ ಮದುವೆಯೆ?
ಹೋಟೆಲು ಮುಚ್ಚುತ್ತಿದ್ದಾರೆಯೆ?
ಅವರ ಭಾಷೆಯಲ್ಲಿ ಸಂಕಟ ಹೊರಗಿನಿಂದ ಬರುತ್ತದೆ,
ಬಾಗಿಲು ಬಡಿದು.
ನಮ್ಮದರಲ್ಲಿ ಒಳಗೇ ಕೂತಿರುತ್ತದೆ,
ರಾತ್ರಿಯ ಹಿಟ್ಟಿನ ಹಾಗೆ ಸದ್ದಿಲ್ಲದೆ ಉಬ್ಬುತ್ತ.
ಇಷ್ಟು ತಿಳಿಸುವುದಕ್ಕೆ ಕಾಲು ಗಂಟೆ ಹಿಡಿಯಿತು.
ಸುಲಭಾತಾಯಿ ಎರಡು ಸಲ ಇಣುಕಿದರು.
ಕೊನೆಗೆ ನನ್ನ ಪದವನ್ನೇ ನಾಗರಿಯಲ್ಲಿ ಚೀಟಿಗಿಳಿಸಿ
ಕೆಳಗೊಂದು ಗೆರೆ ಎಳೆದರು.
ಮಾತ್ರೆ ನಾಲ್ಕು. ಫೀಸು ಅರ್ಧ.
ದೋಸೆಗೆ ಎಣ್ಣೆ ಕಡಿಮೆ ಹಾಕು, ಎಂದರು,
ನನಗಾಗಿ ಅಲ್ಲ,
ಭಾನುವಾರ ಅವರೂ ಅಲ್ಲೇ ತಿನ್ನುತ್ತಾರಂತೆ.

ಎಲ್ಲರೂ ಹೊಗಳುತ್ತಾರೆಂದಲ್ಲ.
ಕಿಣಿ ಮಾಸ್ತರರ ಅಳಿಯ ಬಂದು ಮೇಜು ಗುದ್ದಿದ್ದ:
ದೊಡ್ಡಾಸ್ಪತ್ರೆಗೆ ಎರಡು ದಿನ ಮೊದಲು ಯಾಕೆ ಕಳಿಸಲಿಲ್ಲ?
ಡಾಕ್ಟರು ಎದ್ದು ನಿಂತೇ ಕೇಳಿಸಿಕೊಂಡರು.
ಆಮೇಲೆ ಆ ಸಂಜೆ ನಮ್ಮೆಲ್ಲರ ಬಿ.ಪಿ.ಯನ್ನು
ಎರಡೆರಡು ಸಲ ನೋಡಿದರು.

ಹೋದ ಗುರುವಾರ, ರಾತ್ರಿ ಹನ್ನೊಂದರ ಹತ್ತಿರ,
ಕೆಲಸ ಮುಗಿಸಿ ಸ್ಲೋ ಲೋಕಲ್ಲಿನಿಂದ ಇಳಿದು ಮೆಟ್ಟಿಲು ಹತ್ತುತ್ತಿದ್ದೆ.
ಮೂವತ್ತೆಂಟರಲ್ಲಿ ಒಬ್ಬರು ಕಂಬಿ ಹಿಡಿದು ನಿಂತಿದ್ದರು,
ಇನ್ನೊಂದು ಕೈಯಲ್ಲಿ ಬೆಳಕಾರಿದ ಮೊಬೈಲು,
ಏನೋ ಓದುತ್ತಿರುವವರ ಹಾಗೆ.
ಆ ನಟನೆ ನನಗೆ ಗೊತ್ತು.
ನಾವೆಲ್ಲ ಮಾಡುವುದು ಅದನ್ನೇ.

ನಾನೂ ನಿಂತೆ. ಈಗ ನನ್ನದು ನಲವತ್ತನಾಲ್ಕು,
ಅಲ್ಲಿ ನಿಲ್ಲಬೇಕಾಗಿರಲಿಲ್ಲ.
ಕೆಳಗೆ ಒಂದು ಫಾಸ್ಟ್ ಗಾಡಿ ಸೇತುವೆ ನಡುಗಿಸಿ ಹೋಯಿತು.
ಯಾರೋ ಹುಡುಗರು ಎರಡೆರಡು ಮೆಟ್ಟಿಲು ಹಾರುತ್ತ
ನಮ್ಮನ್ನು ದಾಟಿ ಹೋದರು.

ಸಂಕಟ? ಎಂದೆ.
ತಲೆಯಾಡಿಸಿದರು.
ಯಾವ ಭಾಷೆಯದು ಎಂದು ನಾನು ಕೇಳಲಿಲ್ಲ.

ಅವರ ಬ್ಯಾಗು ಇಸಿದುಕೊಂಡೆ. ಭಾರವೇನಿರಲಿಲ್ಲ,
ಒಳಗೆ ಖಾಲಿ ಡಬ್ಬಿಯ ಸದ್ದು.
ಮೂವತ್ತೊಂಬತ್ತು, ಎಂದೆ,
ನಿಧಾನ.