ಶಾಲೆಯಿಂದ ಬಂದ ದೂರು

ಗ್ಯಾಲಶೀಲ್ಸಿನ ಶಾಲೆಯಿಂದ ಫೋನು: ಜೋಕಾಲಿಯ ಕೆಳಗೆ,
ನಾವೇ ಸುರಿದ ಮರಚಕ್ಕೆಯ ಮೇಲೆ, ಎಂಥದೋ ಮೊಟ್ಟೆಯಿಟ್ಟಿದೆ,
ನೂರಾರು. ಮಕ್ಕಳಿದ್ದಾರೆ. ಔಷಧಿ ಹೊಡೆಯಿರಿ.

ಹೋದೆ. ಪಂಪು ವ್ಯಾನಿನಲ್ಲೇ ಬಿಟ್ಟು
ಮಂಡಿಯೂರಿದೆ. ಅಕ್ಟೋಬರಿನ ತೇವ ಪ್ಯಾಂಟಿಗೆ ಇಳಿಯಿತು.
ಪ್ರಿಂಗಲ್ ಟೀಚರು ಎರಡು ಮಾರು ದೂರ, ಕೈಕಟ್ಟಿ.
ಮಿರೆನ್ ಎಂಬ ಹುಡುಗಿ ಮಾತ್ರ, ಮುಂದಿನ ಹಲ್ಲು ಬಿದ್ದವಳು,
ನನ್ನ ಭುಜಕ್ಕೆ ಗಲ್ಲವೂರಿ: ಹುಳದ್ದಾ?

ಅಲ್ಲ ಮಗೂ. ಮೊದಲು ಬಟ್ಟಲು ನೋಡು,
ನಿನ್ನ ಕಿರುಬೆರಳಿಗೂ ಟೋಪಿಯಾಗದಷ್ಟು ಚಿಕ್ಕದು.
ಹೊರಗೆ ಕಂದು ರೋಮ, ಒದ್ದೆ ಬೆಕ್ಕಿನ ಕಿವಿ.
ಒಳಗೆ? ಭೂತಗನ್ನಡಿ ಹಿಡಿ. ಗೆರೆ ಇದೆಯಾ?
ಇದೆ, ಎಂದಳು, ಅಜ್ಜನ ಕಿಲ್ಟಿನ ಹಾಗೆ ನೆರಿಗೆ.
ಅಲ್ಲಿಗೆ ಅರ್ಧ ಗುರುತು ಸಿಕ್ಕಿತು.
ನೆರಿಗೆಯಿಲ್ಲದೆ ನುಣ್ಣಗಿದ್ದರೆ ಇದರ ದಾಯಾದಿ;
ಮುಚ್ಚಳ ಹಳದಿ, ಮೊಟ್ಟೆ ಅಚ್ಚ ಬಿಳುಪಾದರೆ
ಬೇರೆ ಮನೆತನವೇ.
ಇದರವು ಬೂದಿಬಣ್ಣ, ಸಾಸಿವೆಯನ್ನು ಒತ್ತಿ ಚಪ್ಪಟೆ ಮಾಡಿದಂತೆ.
ಸೂಜಿಯಲ್ಲಿ ಒಂದನ್ನು ಎತ್ತಿದೆ. ಕೆಳಗೆ ದಾರ ಜಗ್ಗಿತು:
ಹೊಕ್ಕುಳಬಳ್ಳಿ.

ಹಕ್ಕಿ ಎಲ್ಲಿ?
ಹಕ್ಕಿಯಿಲ್ಲ. ಅಣಬೆ.
ಮಳೆಹನಿ ನೇರ ಬಟ್ಟಲಿಗೆ ಬಿದ್ದರೆ
ಮೊಟ್ಟೆ ಚಿಮ್ಮಿ, ದಾರದ ಅಂಟಿನಿಂದ ಹುಲ್ಲಿಗೆ ಜೋತುಬೀಳುತ್ತೆ.
ಕಾವು ಕೊಡುವವರಿಲ್ಲ. ಹಾರುವುದು ಮೊಟ್ಟೆಯೇ.
ಮಿರೆನ್ ತಕ್ಷಣ ಬಟ್ಟಲಿಗೆ ಉಗುಳಿದಳು; ಗುರಿ ತಪ್ಪಿತು.
ಟೀಚರು ಮುಖ ತಿರುಗಿಸಿದರು, ನಕ್ಕರೋ ಏನೋ.

ಚಕ್ಕೆಯನ್ನು ಉಗುರಿನಲ್ಲಿ ಕೆರೆದೆ. ಆಶ್ ಮರ.
ಯಾವ ಆಶ್ ಎಂದೂ ಗೊತ್ತು ನನಗೆ,
ಹಳೆ ಉಣ್ಣೆ ಗಿರಣಿಯ ತಿರುವಿನದು,
ತುದಿಯಿಂದ ರೋಗ ಇಳಿದು ಬಂದದ್ದು.
ಮೇ ತಿಂಗಳು. ರಸ್ತೆ ಮುಚ್ಚಲು ಒಂದೇ ದಿನದ ಅನುಮತಿ.
ಕವಲಿನಲ್ಲಿ, ಒಳಗೆಲ್ಲ ಮಣ್ಣು ಸಾರಿಸಿದ ಥ್ರಷ್ ಗೂಡು,
ನಾಲ್ಕು ನೀಲಿ.
ಹೆಲ್ಮೆಟ್ಟಿನಲ್ಲಿಟ್ಟು ಇಳಿಸಿದೆ, ಪಕ್ಕದ ಮುಳ್ಳುಬೇಲಿಯಲ್ಲಿ ಕೂರಿಸಿದೆ.
ಐದು ಗಂಟೆಯವರೆಗೆ ಕಣ್ಣು ಆ ಕಡೆಗೇ.
ಅವಳು ತಂತಿಯ ಮೇಲೆ ಕೂತು ಬೈದಳು, ಬೇಲಿಗೆ ಬರಲಿಲ್ಲ.
ಯಂತ್ರಕ್ಕೆ ಕೊಂಬೆ ಉಣಿಸುತ್ತಲೇ ಇದ್ದೆ.

ಫಾರಮ್ಮಿನಲ್ಲಿ ಅದಕ್ಕೆಲ್ಲ ಜಾಗವಿಲ್ಲ.
ಬರೆದೆ: ಅಣಬೆ. ನಿರಪಾಯ. ಔಷಧಿ ಬೇಡ.
ಟೀಚರ ಸಮಾಧಾನಕ್ಕೆ ಇನ್ನೊಂದು ಸಾಲು: ಬಾಯಿಗೆ ಹಾಕಬಾರದು.

ವ್ಯಾನ್ ಹತ್ತುವಾಗ ಹನಿ ಶುರುವಾಯಿತು.
ಗಂಟೆ ಹೊಡೆದರೂ ಒಳಗೆ ಹೋಗದೆ
ಮಿರೆನ್ ಬಟ್ಟಲಿನ ಪಕ್ಕ ಅಂಗೈ ಒಡ್ಡಿ ಕೂತಿದ್ದಾಳೆ.

ಒಂದು ನನಗೂ ಅಂಟಿತ್ತು, ಬೂಟಿನ ಲೇಸಿಗೆ.
ವಾರ ಕಳೆದ ಮೇಲೆ ನೋಡಿದೆ.
ಲೇಸು ಬದಲಿಸಿಲ್ಲ.