ತಾಮ್ರದ ಬೆನ್ನು

ದೊರೆ ತೀರಿಕೊಂಡ ಸುದ್ದಿ ನಮ್ಮ ಓಣಿಗೆ ಬಂದದ್ದು
ಗಂಟೆಯ ಸದ್ದಿನಿಂದಲ್ಲ, ಮಸಿಯ ಬೆಲೆಯಿಂದ.
ಕೋಪನ್‌ಹೇಗನ್ನಿನ ಕಪ್ಪೆಲ್ಲ ಒಂದೇ ಬೆಳಗಿಗೆ
ಅರಮನೆಯ ಪರದೆಗಳ ಪಾಲಾಗಿ,
ನಾವು ಕಟುಕರ ಕೇರಿಯಿಂದ ಮೂಳೆ ತಂದು
ಸುಟ್ಟು, ಅರೆದು, ಎಣ್ಣೆ ಹಾಕಿ ಕಲಸಿದೆವು.

ಅಪ್ಪ ದೊರೆಯನ್ನು ಕಂಡದ್ದು ಒಂದೇ ಸಲ,
ಗಾಡಿಯ ಕಿಟಕಿಯಲ್ಲಿ. ಅದೂ ಕೈಗವಸು ಮಾತ್ರ.
ಮುಖ ಗೊತ್ತಿದ್ದದ್ದು ನಾಣ್ಯದಿಂದ:
ಒಂದೇ ಕಣ್ಣು, ಒಂದೇ ಕಿವಿ.
ಉಳಿದರ್ಧ ಅರಮನೆಯಿಂದ ಬಂತು, ಸೀಮೆಸುಣ್ಣದಲ್ಲಿ.
ಎಡಗೆನ್ನೆಗೊಂದು ನರುಲಿ, ಪಕ್ಕದಲ್ಲೇ ಸಣ್ಣಕ್ಷರ:
"ಇದನ್ನು ಬಿಡಬಾರದು, ರಾಣಿಯವರ ಅಪ್ಪಣೆ."

ನೀರು ತುಂಬಿದ ಗಾಜಿನ ಬುರುಡೆ, ಅದರಾಚೆ ಮೇಣದಬತ್ತಿ,
ಈಚೆ ಅಪ್ಪನ ಕೆಟ್ಟ ಕಣ್ಣು.
ಉಳಿ ನಿಂತಲ್ಲೇ ನಿಂತಿರುತ್ತದೆ;
ಮರಳುದಿಂಬಿನ ಮೇಲೆ ತಟ್ಟೆ ತಿರುಗಬೇಕು.
ಬದುಕಿದ್ದಾಗ ಯಾರ ಮಾತಿಗೂ ತಿರುಗದವನು
ಅಪ್ಪನ ಎಡಗೈ ಬೆರಳಿಗೆ
ಗಲ್ಲ ತಿರುಗಿಸಿದ, ಹಣೆ ತಿರುಗಿಸಿದ.
ತಾಮ್ರದ ಸುರುಳಿಗಳನ್ನು ನಾನು ಸೆರಗಲ್ಲಿ ಆಯ್ದೆ.

ಮೊದಲ ನೂರು ಪ್ರತಿ ದೊಡ್ಡವರಿಗೆ, ಗಾಢ.
ಐನೂರರ ಹೊತ್ತಿಗೆ ಗೆರೆ ಸವೆದು
ದೊರೆಗೆ ಮತ್ತೆ ಕಾಯಿಲೆ ಬಂದಂತಾಯಿತು.
ಮೀನು ಮಾರುವ ಮೆಟ್ಟೆ ಒಂದನ್ನು ಎತ್ತಿ ಹಿಡಿದು
"ಇವನು ಪೂರ್ತಿ ಹೋಗಿಲ್ಲ ನೋಡು, ಇನ್ನೂ ಹೋಗ್ತಿದಾನೆ" ಅಂದಳು.
ಅರ್ಧ ಬೆಲೆಗೆ ಕೇಳಿದಳು. ಕೊಟ್ಟೆ.

ಹದಿಮೂರನೆಯ ದಿನ ಬಂದವನು ಅರಮನೆಯ ಕ್ಷೌರಿಕ, ಲೌರಿಟ್ಸ್.
ಹಿಮ ಕೊಡವಲಿಲ್ಲ, ಕೂರಲಿಲ್ಲ.
"ಮೂವತ್ತು ವರ್ಷ ಈ ನರುಲಿ ನನ್ನ ಬಲಗೈ ಕಡೆ ಇತ್ತು.
ಅಲ್ಲಿಗೆ ಬಂದಾಗ ಉಸಿರು ಹಿಡಿಯುತ್ತಿದ್ದೆ.
ನೀವು ಆಚೆ ಕೆನ್ನೆಗೆ ಕೂರಿಸಿದ್ದೀರಿ."
ಅಪ್ಪನ ಮುಖ ತಟ್ಟೆಗಿಂತ ಕೆಂಪಾಯಿತು.
ಕಂಡದ್ದನ್ನು ಕಂಡಂತೆ ಕೊರೆದಿದ್ದ;
ಕಾಗದದಲ್ಲಿ ಎಡ ಬಲವಾಗುತ್ತದೆಂದು
ನಲವತ್ತು ವರ್ಷ ನನಗೆ, ಎಲ್ಲರಿಗೆ ಹೇಳಿಕೊಟ್ಟವನು.

ರಾತ್ರಿ ಊಟ ಮಾಡಲಿಲ್ಲ.
ಬತ್ತಿ ಆರಿಸುವಾಗ, ನನಗಲ್ಲ, ಗೋಡೆಗೆ ಹೇಳಿದ:
"ದೊರೆ ತನ್ನನ್ನು ನೋಡಿಕೊಂಡದ್ದು ಕನ್ನಡಿಯಲ್ಲೇ ತಾನೆ?
ಅಲ್ಲಿ ಅದು ಇರುತ್ತಿದ್ದದ್ದು ಹೀಗೇ.
ಊರೆಲ್ಲ ಅಲ್ಲ ಅನ್ನಲಿ.
ಅವನೊಬ್ಬ ಬಂದು ನೋಡಿದರೆ
ನಾನೇ ಅಂದಾನು."

ಬೇಸಿಗೆಗೆ ಹೊಸ ಆಜ್ಞೆ ಬಂತು: ಮಗನ ಪಟ.
ಕವಚ ಅದೇ ಇರಲಿ, ಸಿಂಹವೂ ಅದೇ;
ತಲೆಯೊಂದು ಬದಲಾದರೆ ಸಾಕು, ತಾಮ್ರ ತುಟ್ಟಿ.
ಅಪ್ಪನಿಗೆ ಆಗ ಏನೂ ಕಾಣುತ್ತಿರಲಿಲ್ಲ.
ನಾನೇ ಹೆರೆದೆ. ಮೊದಲು ಕಣ್ಣು, ಆಮೇಲೆ ತುಟಿ,
ನರುಲಿ ಕೊನೆಗೆ, ಯಾಕೋ.
ಹೆರೆದ ಜಾಗ ತಗ್ಗಾಗುತ್ತದಲ್ಲ,
ಮಗುಚಿ, ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ
ಮಟ್ಟ ಮಾಡಿದೆ.
ಕನ್ನಡಿಯಂತಾಯಿತು. ಅದರಲ್ಲಿ ನನ್ನ ಮುಖ.

ಈಗ ಪೇಟೆಯಲ್ಲಿ ಎಳೆಯ ದೊರೆ ಬಿಕರಿಯಾಗುತ್ತಿದ್ದಾನೆ,
ಅಪ್ಪನ ಅಂಗಿ ತೊಟ್ಟ ಹುಡುಗನ ಹಾಗೆ
ಕೊರಳು ಕವಚದಲ್ಲಿ ಸಡಿಲ.

ಸಂಜೆ ತಟ್ಟೆ ಒರೆಸಿ ಮಗುಚಿಟ್ಟರೆ
ಅಪ್ಪ ಕೈ ಚಾಚುತ್ತಾನೆ.
ಬೆನ್ನ ಮೇಲಿನ ಸುತ್ತಿಗೆಯ ತಗ್ಗುಗಳಲ್ಲಿ
ಬೆರಳು ನಿಧಾನಕ್ಕೆ ನಡೆಯುತ್ತದೆ.
ಇದು ಹಣೆ. ಇದು ಮೂಗು.
ಒಂದು ಚಿಕ್ಕ ಗುಳಿಯ ಹತ್ತಿರ ಬಂದಾಗ
ಉಸಿರು ಹಿಡಿಯುತ್ತಾನೆ.